ಒಂಟಿಕಾಲಿನ ಕೊಕ್ಕರೆ

ಕೆರೆಯ ಕಾವಲುಗಾರನ ರಜೆ ಒಂದು ಕೊಕ್ಕರೆಯ ಕೈಯಲ್ಲಿತ್ತು. ಕೆಂಪು ಕೊಕ್ಕಿನ ಆ ಅಪರೂಪದ ಹಕ್ಕಿ ಇಡೀ ಪಕ್ಷಿಧಾಮಕ್ಕೆ ಒಂದೇ ಒಂದು. ಅದನ್ನು ಕಣ್ಣಾರೆ ನೋಡದೆ ಅರಣ್ಯ ಇಲಾಖೆಯ ಸಾಹೇಬರು ಯಾವ ಕಾವಲುಗಾರನ ರಜೆ ಚೀಟಿಗೂ ಸಹಿ ಹಾಕುತ್ತಿರಲಿಲ್ಲ. ಮೂರು ವರ್ಷದ ಮೇಲೆ ಕೇಳಿದ್ದ ಹತ್ತು ದಿನದ ರಜೆ ನಾಳೆಯಿಂದ ಶುರು. ಅಕ್ಕನ ಊರಿಗೆ ಹೊರಡಲು ಹೆಂಡತಿ ಪೆಟ್ಟಿಗೆಗೆ ಬೀಗವನ್ನೂ ಹಾಕಿಯಾಗಿತ್ತು. ಕೊಕ್ಕರೆ ಮಾತ್ರ ನಾಲ್ಕು ದಿನದಿಂದ ನಾಪತ್ತೆ.

"ಅಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಿ ಭಾವ? ನಾನೇ ಒಂದು ಮಾಡ್ಕೊಡ್ತೀನಿ," ಎಂದ ಬಡಗಿ ಭಾಮೈದ.

ತಿಂಡಿ ಹೊತ್ತಿಗೆ ಹಕ್ಕಿ ತಯಾರಾಯಿತು. ಬಣ್ಣ, ಕೊಕ್ಕು, ಕತ್ತು ಎಲ್ಲವೂ ಅಚ್ಚುಕಟ್ಟು. ಕಾಲು ಒಂದೇ.

"ಇನ್ನೊಂದು ಎಲ್ಲೋ?"

"ಕೊಕ್ಕರೆ ನಿಲ್ಲೋದೇ ಒಂಟಿಕಾಲಲ್ಲಿ ಭಾವ. ಸುಮ್ನೆ ಮರ ದಂಡ."

ದೋಣಿಯವನು ಅದನ್ನು ನಡುಗಡ್ಡೆಯ ಕೆಸರಿನಲ್ಲಿ ನೆಟ್ಟು ಬಂದ. ಹನ್ನೊಂದಕ್ಕೆ ಸಾಹೇಬರು ಬಂದು, ಗೋಪುರ ಹತ್ತಿ, ದುರ್ಬೀನಿಗೆ ಕಣ್ಣಿಟ್ಟರು. ಅರ್ಧ ಗಂಟೆಯಾದರೂ ತೆಗೆಯಲಿಲ್ಲ.

"ಏನ್ರೀ, ಅಲ್ಲಾಡ್ತಾನೇ ಇಲ್ವಲ್ಲ?"

"ಬಕಧ್ಯಾನ ಸರ್."

"ಕಾಲ ಹತ್ರಾನೇ ಮೀನು ಓಡಾಡ್ತಿದೆ, ಮೂಸೂ ನೋಡ್ತಿಲ್ಲ!"

"ಹೊಟ್ಟೆ ಕೆಟ್ಟಿರ್ಬೇಕು ಸರ್," ಎಂದು ದೋಣಿಯವನು ಸಹಾಯಕ್ಕೆ ಬಂದ. ಕಾವಲುಗಾರ ಅವನ ಕಾಲು ತುಳಿಯುವಷ್ಟರಲ್ಲಿ ಮಾತು ಹೊರಬಿದ್ದಿತ್ತು.

ಸಾಹೇಬರು ದನದ ಡಾಕ್ಟರನ್ನು ಕರೆಸಿದರು. ಡಾಕ್ಟರು ಸೂಜಿ ಹಿಡಿದು ದೋಣಿ ಹತ್ತಿದರು. ಹಿಂದೆ ಸಾಹೇಬರೂ ಕಾವಲುಗಾರನೂ ಹತ್ತಿದರು. ನಡುಗಡ್ಡೆ ಹತ್ತಿರವಾಯಿತು. ಇನ್ನು ಮುಚ್ಚಿಟ್ಟು ಫಲವಿಲ್ಲ, ರಜೆ ಹೋದರೂ ಕೆಲಸ ಉಳಿಯಲಿ ಎಂದು ಕಾವಲುಗಾರ ಬಾಯಿ ತೆರೆದ.

"ಸರ್, ಒಂದು ಮಾತು..."

"ಶ್!" ಎಂದರು ಸಾಹೇಬರು.

ನಾಲ್ಕು ದಿನ ಎಲ್ಲಿ ಅಲೆದಿತ್ತೋ, ನಿಜವಾದ ಕೊಕ್ಕರೆ ಮರದ ಕೊಕ್ಕರೆಯ ಪಕ್ಕಕ್ಕೇ ಬಂದಿಳಿಯಿತು. ಅದರ ಮುಖ ನೋಡಿತು. ಎರಡು ಸುತ್ತು ಬಂದು, ಒಂದು ಒಣಕಡ್ಡಿ ತಂದು ಅದರ ಕಾಲ ಬಳಿ ಇಟ್ಟಿತು.

"ಜೋಡಿ ಕಣ್ರೀ! ಗೂಡು ಕಟ್ತಿವೆ!" ಸಾಹೇಬರ ಕಣ್ಣು ತುಂಬಿ ಬಂತು. "ದೋಣಿ ತಿರುಗಿಸು. ಪಾಪ, ಗಾಬರಿಯಾಗ್ಬಾರ್ದು."

ಬದುಕಿದೆಯಾ ಬಡಜೀವವೇ ಎಂದುಕೊಂಡ ಕಾವಲುಗಾರ. ದಡ ಸೇರಿದ ಕೂಡಲೇ ಚೀಟಿ ಚಾಚಿದ. "ಒಂದಲ್ಲ, ಎರಡು ನೋಡಿದ್ರಿ ಸರ್. ನಾಳೆಯಿಂದ ನನ್ನ ರಜೆ..."

"ರಜೆನಾ? ಈ ಸಂಸಾರಾನ ನಿಮ್ಮನ್ನ ಬಿಟ್ಟು ಇನ್ಯಾರ ಕೈಗೆ ಒಪ್ಪಿಸ್ಲಿ? ಎರಡೂ ಸೇರಿ ಮರಿ ಮಾಡ್ಲಿ, ಮರಿ ಗೂಡು ಬಿಟ್ಟು ಹಾರ್ಲಿ. ಆವತ್ತೇ ಹೊರಡಿ. ಹತ್ತಲ್ಲ, ಇಪ್ಪತ್ತು ದಿನ ಕೊಡ್ತೀನಿ!"

ಸಂಜೆ ಹೆಂಡತಿ ಪೆಟ್ಟಿಗೆಯ ಬೀಗ ತೆಗೆದಳು. ಭಾಮೈದನಿಗೆ ಅಯ್ಯೋ ಎನಿಸಿತು.

"ಬೇಜಾರು ಮಾಡ್ಕೋಬೇಡಿ ಭಾವ. ಮೊಟ್ಟೆ ಬೇಕಾ, ನಾಳೆನೇ ಕೊಡ್ತೀನಿ. ಮರೀನೂ ಮಾಡ್ಕೊಡ್ತೀನಿ. ಹಾರ್ಸೋದು ಮಾತ್ರ ನಿಮಗೆ ಬಿಟ್ಟಿದ್ದು."