ಬಡವರ ಬಾಡಿಗೆ ಕಟ್ಟಲು ಹೊರಟ ನಾವು

ಸರ್ಕಾರದ ದುಡ್ಡನ್ನು ಬಡವರ ಮನೆಗೆ ಮುಟ್ಟಿಸುವ ಕೆಲಸದಲ್ಲಿದ್ದವರಿಗೆ ಇಂಥವು ಆಗುತ್ತಲೇ ಇರುತ್ತವೆ. ಆದಾಗ ಅಳು ಬರುತ್ತದೆ. ಆಮೇಲೆ ಯಾರಿಗಾದರೂ ಹೇಳಹೊರಟರೆ ಕೇಳಿದವರು ನಗುತ್ತಾರೆ. ಅವರ ಜೊತೆ ನಾನೂ ನಗುತ್ತೇನೆ, ಇನ್ನೇನು ಮಾಡಲಿ?

ಅರವತ್ತರ ದಶಕದ ಒಂದು ವರ್ಷ ಹಾಸನ ಜಿಲ್ಲೆಗೊಂದು ಗ್ರಾಂಟು ಬಂತು. ಬಾಡಿಗೆ ಕಟ್ಟಲಾಗದ ಬಡ ಸಂಸಾರಗಳಿಗೆ ಆರು ತಿಂಗಳು ಸಹಾಯ. ಮಾರ್ಚ್ ಮುಗಿಯುವುದರೊಳಗೆ ಹಂಚಬೇಕು, ಉಳಿದದ್ದು ವಾಪಸ್ಸು. ಇದಕ್ಕೆಂದೇ ಹಾಸನದಲ್ಲಿ ಒಂದು ಪುಟ್ಟ ಆಫೀಸು ತೆರೆದರು. ಒಬ್ಬರು ಸಾಹೇಬರು, ಗುಮಾಸ್ತ ನಾನು, ಕುಂಟುವ ಒಂದು ಮೇಜು.

ಮೊದಲ ದಿನವೇ ಬಂದವಳು ಕಡ್ಲೆಪುರಿ ಹುರಿದು ಮಾರುವ ಹೆಂಗಸು. ಗಂಡ ತೀರಿಕೊಂಡಿದ್ದ, ಮನೆಯಲ್ಲಿ ಕಣ್ಣು ಕಾಣದ ಅತ್ತೆ. ಭಟ್ಟಿಯ ಹೊಗೆಗೆ ಗೋಡೆ ಕಪ್ಪಾಗುತ್ತದೆಂದು ಊರಲ್ಲಿ ಯಾರೂ ಅವಳಿಗೆ ಮನೆ ಕೊಡುತ್ತಿರಲಿಲ್ಲ. ಕೊಟ್ಟಿದ್ದ ಒಬ್ಬ ಜವಳಿ ಅಂಗಡಿ ಸಾಹುಕಾರರೂ, ಬಾಡಿಗೆ ನಿಂತಿದ್ದರಿಂದ, ಮಾರ್ಚ್ ಕೊನೆಗೆ ಖಾಲಿ ಮಾಡು ಎಂದಿದ್ದರು.

"ಆ ಮನೆ ವೋದ್ರೆ ಭಟ್ಟಿ ವೋಯ್ತು ಸಾ. ಭಟ್ಟಿ ವೋದ್ರೆ ಇಬ್ರೂ ಉಪಾಸ ಕಣ್ ಸಾ," ಅಂದಳು.

ಸಾಹೇಬರು, "ಹಾಸನ ಎಲ್ಲಿಗೆ ಹೋಗುತ್ತೆ, ಇಲ್ಲೇ ಇರುತ್ತೆ. ಮೊದಲು ತಾಲ್ಲೂಕುಗಳನ್ನ ಮುಗಿಸೋಣ," ಅಂದರು. ಅವಳನ್ನು ಕಾಯಿಸಿ ನಾವು ಬಸ್ಸು ಹತ್ತಿದೆವು.

ಅರಕಲಗೂಡಿನ ಕುರ್ಚಿ

ಅಲ್ಲಿ ಒಂದೇ ಬೀದಿಯಲ್ಲಿ ಮೂರು ಮನೆ ನೋಡಬೇಕಿತ್ತು. ಮೊದಲ ಮನೆಯಲ್ಲಿ ಸಾಹೇಬರಿಗೆ ತೇಗದ ಕುರ್ಚಿ ಹಾಕಿದರು. ಕೂತರು, ಮಜ್ಜಿಗೆ ಕುಡಿದರು. ಎರಡನೇ ಮನೆಯಲ್ಲೂ ತೇಗದ ಕುರ್ಚಿ. ಬೆತ್ತ ಹರಿದ ಜಾಗ ನೋಡಿದೊಡನೆ ನನಗೆ ಗೊತ್ತಾಯಿತು, ಅದೇ ಕುರ್ಚಿ. ಯಾವುದೋ ಮೇಷ್ಟರ ಮನೆಯಿಂದ ಎರವಲು ತಂದು, ನಾವು ಮುಂಬಾಗಿಲಿಂದ ಹೊರಡುವಾಗ ಅವರು ಹಿತ್ತಲ ಬಾಗಿಲಿಂದ ಸಾಗಿಸುತ್ತಿದ್ದರು.

ಮೂರನೇ ಮನೆಗೆ ನಾವೇ ಮೊದಲು ತಲುಪಿಬಿಟ್ಟೆವು. ಮನೆಯ ಮುದುಕ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಏದುಸಿರು ಬಿಡುತ್ತಾ ಓಡಿಬಂದ. ನಮ್ಮನ್ನು ಕಂಡು ಒಂಚೂರೂ ನಾಚಲಿಲ್ಲ.

"ತಡ ಆಗೋಯ್ತು, ಕೂತ್ಕಳಿ ಬುದ್ದಿ. ನಿಮ್ಮುನ್ನ ನೆಲದ್ ಮ್ಯಾಲೆ ಕೂರ್ಸಿ ಸರ್ಕಾರದ ದುಡ್ಡು ಈಸ್ಕಂಡ್ರೆ ನಮ್ಗೆ ಮರ್ವಾದೆ ಅದಾ?"

ಸಾಹೇಬರು ಕೂತರು. ವಾಪಸ್ಸು ಬರುವಾಗ ಬಸ್ಸಿನಲ್ಲಿ, "ಮೂರು ಮನೆಯಲ್ಲೂ ತೇಗದ ಕುರ್ಚಿ ಇದೆಯಲ್ರೀ. ಇವರು ಬಡವರಲ್ಲ, ಮೂರೂ ರದ್ದು," ಅಂದರು.

"ಸಾರ್, ಅದು ಒಂದೇ ಕುರ್ಚಿ. ತಲೆ ಮೇಲೆ ಬಂದದ್ದನ್ನ ತಾವೇ ನೋಡಿದಿರಿ."

"ತಲೆ ಮೇಲೆ ಬಂದರೇನು, ಗಾಡಿ ಮೇಲೆ ಬಂದರೇನು? ನಾನು ಮೂರು ಮನೇಲೂ ಕೂತದ್ದು ಸುಳ್ಳೇನ್ರೀ?"

ಹೊಳೆನರಸೀಪುರದ ಮಾಲೀಕಳು

ಅಲ್ಲಿಗೆ ನಾನೊಬ್ಬನೇ ಹೋದೆ. ಅರ್ಜಿ ಹಾಕಿದ್ದವನು ರೈಲ್ವೆ ಸ್ಟೇಷನ್ನಿನಲ್ಲಿ ಮೂಟೆ ಹೊರುವವನು. ಮನೆ ಮಾಲೀಕಳು ಒಬ್ಬ ಮುದುಕಿ, ಅದೇ ಮನೆಯ ಹಿಂದೆ ಸೋಗೆ ಚಪ್ಪರದಲ್ಲಿ ಇದ್ದಳು. ಹೆಂಚಿನ ಮನೆ ಬಾಡಿಗೆಗೆ, ಸೋಗೆ ತನಗೆ.

"ತಿಂಗಳ ಬಾಡಿಗೆ ಎಷ್ಟಪ್ಪ?" ಅಂದೆ.

"ದುಡ್ಡು ಎಲ್ಲಿಂದ ತರಾನ ಸಾ? ಅಜ್ಜಿಗೆ ಎರಡೊತ್ತು ಮುದ್ದೆ ಹಾಕ್ತೀವಿ. ಅದೇಯ ಬಾಡ್ಗೆ."

"ಅವ್ರು ಉಂಡ್ರೆ ನಾನೂ ಉಣ್ತೀನಿ. ಅವ್ರು ಸುಮ್ಕೆ ಮನೀಕಂಡ್ರೆ ನಾನೂ ಮನೀಕತೀನಿ," ಅಂದಳು ಮುದುಕಿ. ಅದನ್ನು ದೂರಿನಂತೆ ಹೇಳಲಿಲ್ಲ, ಬೀದಿಯ ಸುದ್ದಿ ಹೇಳುವಂತೆ ಹೇಳಿದಳು.

ದುಡ್ಡಿನ ಬಾಡಿಗೆ ಇಲ್ಲದವನಿಗೆ ಬಾಡಿಗೆ ಸಹಾಯ ಬರುವುದಿಲ್ಲ ಎಂದು ವಿವರಿಸಿದೆ. ಹಾಗಾದರೆ ನನಗಾದರೂ ಕೊಡಿಸಿ ಎಂದು ಮುದುಕಿ ಕೇಳಿದಳು.

"ನಿಮಗೆ ಬರಲ್ಲ ಅಜ್ಜಿ. ನೀವು ಮನೆ ಮಾಲೀಕರು."

ಮುದುಕಿ ನಕ್ಕಳು. ನಕ್ಕು ನಕ್ಕು ಕೆಮ್ಮು ಬಂತು. ಕಣ್ಣೊರೆಸಿಕೊಂಡು ಅವನ ಕಡೆ ತಿರುಗಿದಳು.

"ಕೇಳುಸ್ಕಂಡೇನ್ಲಾ, ನಾನು ಮಾಲೀಕಳಂತೆ! ಇವತ್ತು ಮುದ್ದೆ ವಸಿ ದೊಡ್ಡದಾಗಿ ಕಟ್ಟುಸ್ಲಾ."

ಚನ್ನರಾಯಪಟ್ಟಣದಲ್ಲಿ ಗೆದ್ದದ್ದು

ಒಂದು ಕಡೆ ಮಾತ್ರ ನಾವು ನಿಜಕ್ಕೂ ಹಣ ಕೊಡಿಸಿದೆವು. ಒಂದೇ ಹೊಲಿಗೆ ಮಿಷನ್ನಿನ ಮೇಲೆ ಸಂಸಾರ ಸಾಗಿಸುವ ಒಬ್ಬ ದರ್ಜಿಗೆ. ನನಗೆ ಹೆಮ್ಮೆಯಾಯಿತು. ಎರಡು ತಿಂಗಳು ಬಿಟ್ಟು ಅದೇ ಬೀದಿಯಲ್ಲಿ ಹೋಗುವಾಗ ಅವನ ಮನೆ ಮಾಲೀಕರು ನನ್ನನ್ನು ನಿಲ್ಲಿಸಿ, ಸರ್ಕಾರವನ್ನು ಬಾಯ್ತುಂಬ ಹೊಗಳಿದರು. ಸಹಾಯ ಬಂದ ತಿಂಗಳೇ, ಅದು ಎಷ್ಟೋ ಅಷ್ಟೂ ಬಾಡಿಗೆ ಏರಿಸಿದ್ದರಂತೆ.

"ಸರ್ಕಾರ ಅಷ್ಟು ದೊಡ್ಡ ಮನಸ್ಸು ಮಾಡಿ ಕೊಡೋವಾಗ ನಾವು ಹಳೇ ಬಾಡಿಗೆನೇ ತಗೊಂಡ್ರೆ ಚೆನ್ನಾಗಿರುತ್ತಾ ಸ್ವಾಮಿ?"

ಸಹಾಯ ಆರು ತಿಂಗಳಿಗೆ, ಏರಿದ ಬಾಡಿಗೆ ಎಂದೆಂದಿಗೂ. ದರ್ಜಿ ಮಿಷನ್ ನಿಲ್ಲಿಸಿ ಎದ್ದು ಬಂದು ಕೈಮುಗಿದ.

"ಇನ್ನೊಂದ್ ಕಿತ ಸಹಾಯ ಮಾಡ್ಬ್ಯಾಡಿ ಸಾ. ತಡ್ಕಳಕ್ಕೆ ನನ್ ಕೈಲಾಗಕಿಲ್ಲ."

ಹಾಸನದ ಬೀಗ

ಪ್ರತಿ ಸಲ ಊರಿಗೆ ಮರಳಿದಾಗಲೂ ಕಡ್ಲೆಪುರಿಯಮ್ಮ ಆಫೀಸಿನ ಜಗುಲಿಯ ಮೇಲೆ ಕೂತಿರುತ್ತಿದ್ದಳು. ಬಯ್ಯುತ್ತಿರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಗುತ್ತಿತ್ತು. ನಾನು ಸಾಹೇಬರ ಬೆನ್ನು ಬಿದ್ದೆ. ಕಡೆಗೂ ಮಾರ್ಚ್ ಕೊನೆಯ ದಿನ ಬೆಳಿಗ್ಗೆ ಅವಳ ಆರ್ಡರಿಗೆ ರುಜು ಹಾಕಿದರು. ಇನ್ನು ದುಂಡನೆಯ ಸೀಲು ಒತ್ತಿ ಖಜಾನೆಗೆ ಒಯ್ದರೆ ಅವಳ ಮನೆ ಉಳಿಯುತ್ತಿತ್ತು.

"ಒಂದು ಕಾಫಿ ಕುಡಿದು ಬಂದು ಒತ್ತೋಣ," ಅಂದರು ಸಾಹೇಬರು.

ಬಂದು ನೋಡಿದರೆ ಆಫೀಸಿನ ಬಾಗಿಲಿಗೆ ದೊಡ್ಡ ಬೀಗ. ಜಗುಲಿಯ ಮೇಲೆ ಜವಳಿ ಸಾಹುಕಾರರು ಕೂತಿದ್ದರು. ಆಫೀಸಿನ ಕೋಣೆಯೂ ಅವರದೇ. ನಮ್ಮ ಗ್ರಾಂಟು ಬಡವರ ಬಾಡಿಗೆಗೆ ಬಂದದ್ದು, ಆಫೀಸಿನ ಬಾಡಿಗೆಗಲ್ಲ. ಅದು ಬೇರೆ ಕಡೆಯಿಂದ ಬರಬೇಕಿತ್ತು, ಶುರುವಿನಿಂದಲೂ ಬಂದಿರಲಿಲ್ಲ.

"ನಮ್ಮ ಬಾಡಿಗೆ ಇಡಿ, ಬೀಗ ತೆಗೀತೀನಿ," ಅಂದರು.

"ಒಳಗೆ ಸೀಲು ಇದೆ ಸ್ವಾಮಿ," ಅಂದೆ. "ಒತ್ತಿದರೆ ಕಡ್ಲೆಪುರಿಯಮ್ಮನ ಬಾಡಿಗೆ ಇವತ್ತೇ ನಿಮ್ಮ ಕೈಗೇ ಬರುತ್ತೆ."

"ಬರಲಿ. ಬಂದ ಮೇಲೆ ತೆಗೀತೀನಿ."

"ತೆಗೆಯದೆ ಹೇಗೆ ಬರುತ್ತೆ?"

"ಕೊಡದೆ ಹೇಗೆ ತೆಗೀಲಿ?"

ಸಾಹೇಬರಿಗೆ ಸಿಟ್ಟು ಬಂತು. "ಇದು ಸರ್ಕಾರದ ಆಫೀಸು, ಗೊತ್ತೇನ್ರೀ?"

"ಆಫೀಸು ನಿಮ್ಮದೇ ಸ್ವಾಮಿ, ಎತ್ಕೊಂಡು ಹೋಗಿ. ಬಾಗಿಲು ಮಾತ್ರ ನನ್ನದು."

ತನಗೆ ಬರುವ ದುಡ್ಡಿಗೆ ತಾನೇ ಬೀಗ ಹಾಕಿ ಆ ಮನುಷ್ಯ ಗಟ್ಟಿಯಾಗಿ ಕೂತಿದ್ದ. ನಾನು ಕೈಮುಗಿದೆ, ಬೇಡಿಕೊಂಡೆ. ಅಷ್ಟರಲ್ಲಿ ಖಜಾನೆ ಮುಚ್ಚಿತು. ಉಳಿದ ಗ್ರಾಂಟು ಬಂದ ದಾರಿಯಲ್ಲೇ ವಾಪಸ್ಸು ಹೋಯಿತು.

ಮಾರನೇ ದಿನ ಸಾಹೇಬರೂ ನಾನೂ ಬೀಗದ ಮುಂದೆ ಬೀದಿಯಲ್ಲಿ ನಿಂತಿದ್ದೆವು. ಆಗ ಅವಳು ಬಂದಳು. ತಲೆಯ ಮೇಲೆ ಪುರಿ ಹುರಿಯುವ ಕಬ್ಬಿಣದ ಬಾಣಲೆ, ಕಂಕುಳಲ್ಲಿ ಹುರಿಯುವಾಗ ಹಾಕುವ ಮರಳಿನ ಗಂಟು. ಅತ್ತೆ ಅವಳ ಸೆರಗು ಹಿಡಿದು ಹಿಂದೆ ಬರುತ್ತಿದ್ದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಬಯ್ಯಲಿ, ಶಾಪ ಹಾಕಲಿ ಎಂದು ತಲೆ ತಗ್ಗಿಸಿದೆ.

ಅವಳು ಬೀಗ ನೋಡಿದಳು. ನಮ್ಮಿಬ್ಬರನ್ನೂ ನೋಡಿದಳು. ಅವಳಿಗೆ ನಮ್ಮ ಮೇಲೆ ಮರುಕ ಹುಟ್ಟಿತು.

"ಅಯ್ಯೋ ಸಾ, ನಿಮ್ಮುನ್ನೂ ಬೀದಿಗ್ ಹಾಕ್ಬುಟ್ರಾ? ಕೆರೆ ಏರಿ ತಾವ ಒಂದು ತಗಡಿನ ಷೆಡ್ಡು ಇಡ್ಕಂಡಿವ್ನಿ. ಒಂದು ಮೂಲೆ ಖಾಲಿ ಅದೆ, ನಿಮ್ ಆಪೀಸ್ಗೆ ಸಾಕಾಯ್ತದೆ, ಬನ್ನಿ. ಬಾಡ್ಗೆ ಮಾತ್ರ ತಿಂಗ್ಳು ತಿಂಗ್ಳು ಕೊಟ್ಬುಡ್ಬೇಕು. ಸರ್ಕಾರ ಕಟ್ತದೆ ಅಂತ ನೆಚ್ಕಂಡು ಕೂತ್ಕಬ್ಯಾಡಿ ಸಾ."