ಹಿಂದಿನ ಚಕ್ರಕ್ಕೆ ಇಪ್ಪತ್ತೈದು ಇಂಚು

ನನಗೆ ಕೋಪ ಬರುವುದು ಅಪರೂಪ ಎಂದು ನಾನು ಹೇಳಿಕೊಳ್ಳುವುದುಂಟು; ಮನೆಯಲ್ಲಿ ಯಾರೂ ಅದನ್ನು ಒಪ್ಪಿಲ್ಲ. ಆದರೆ ಕೇಳದೆ ಸಲಹೆ ಕೊಡುವವರನ್ನು ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ನಮ್ಮ ಚನ್ನಪಟ್ಟಣದ ಕಡೆ ಹೆಣ್ಣು ನೋಡಲು ಹೋದಾಗಲೂ ಇಷ್ಟು ಜನ ಬಾಯಿ ಹಾಕುವುದಿಲ್ಲ. ಒಂದು ಜೊತೆ ಟೈರು ಕೊಳ್ಳಲು ಹೊರಟು ನೋಡಿ, ಟೀ ಅಂಗಡಿಯ ಬೆಂಚಿನ ಮೇಲಿರುವವರೆಲ್ಲ ಪಂಡಿತರೇ.

ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ಕನಕಪುರ ರಸ್ತೆಯಲ್ಲಿ ಬಾಗಿಲು ಮುಚ್ಚಿದ ಒಂದು ರೆಸಾರ್ಟಿನವರು ಮಾರಾಟಕ್ಕಿಟ್ಟಿದ್ದ ಸ್ಪೋರ್ಟ್ ಕ್ವಾಡ್ ಬೈಕನ್ನು ಹೋದ ವರ್ಷ ತಂದುಬಿಟ್ಟೆ. ನಾಲ್ಕು ಚಕ್ರ, ಮೇಲೊಂದು ಸೀಟು, ಮೈತುಂಬ ಸದ್ದು. ಯಾಕೆ ತಂದಿರಿ ಎಂದು ನೀವೂ ಕೇಳಬೇಡಿ. ಜೀವಮಾನವೆಲ್ಲ ಮೊಪೆಡ್ಡಿನಲ್ಲಿ ತೆವಳಿದ ಮನುಷ್ಯನಿಗೆ ಒಮ್ಮೆಯಾದರೂ ಗುರ್ರೆಂದು ಹೋಗಬೇಕು ಅನ್ನಿಸಿದರೆ ಅದೇನು ಅಪರಾಧವೇ? ಹಿಂದಿನ ಎರಡೂ ಟೈರು ಬೋಳಾಗಿದ್ದವು, ಅಷ್ಟೇ. ಗಾಡಿಯನ್ನು ಅಕ್ಕೂರಿನ ನಮ್ಮ ತೋಟದಲ್ಲಿ ಹುಳುಮನೆಯ ಮುಂದೆ ನಿಲ್ಲಿಸಿದೆ. ಹಣ್ಣಾದ ರೇಷ್ಮೆಹುಳು ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟೆ ಇಡುವ ಜಾಗ ಅದು ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ, ಹೊಳೆಯಲಿಲ್ಲ.

ಹುಳು ಸಾಕುವ ನನ್ನ ಹೆಂಡತಿ ಜಯಮ್ಮ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು. "ನೋಡಿ, ಬರೋ ಭಾನ್ವಾರ ತ್ವಾಟದ ಹಿಂದ್ಲ ದಿಬ್ಬ ಹತ್ಸಿ ತೋರ್ಸಿ. ಹತ್ತಿದ್ರೆ ಮಡಿಕಳಿ, ನಾನೇ ಬ್ಯಾರೆ ಜಾಗ ಮಾಡ್ಕೊಡ್ತೀನಿ. ಹತ್ನಿಲ್ವಾ, ಮಾರ್ಬುಡಿ."

ರಾಮನಗರದ ಟೈರಂಗಡಿಯ ರಿಯಾಜ್ ಹಳೆಯ ಟೈರಿನ ಮೇಲಿನ ಅಂಕಿ ತೋರಿಸಿದ: 20x11-9. ನಾನು ಗಣಿತದವನಲ್ಲವೇ, ಇಪ್ಪತ್ತು ಗುಣಿಲೆ ಹನ್ನೊಂದು, ಅದರಲ್ಲಿ ಒಂಬತ್ತು ಕಳೆದು, "ಇನ್ನೂರ ಹನ್ನೊಂದು" ಎಂದೆ. ಅವನು ನಗಲಿಲ್ಲ, ಪುಣ್ಯಾತ್ಮ. ಟೈರಿನ ಎತ್ತರ ಇಪ್ಪತ್ತು ಇಂಚು, ಅಗಲ ಹನ್ನೊಂದು, ರಿಮ್ಮು ಒಂಬತ್ತು ಎಂದು ತಿಳಿಸಿ, "ಇದೇ ಸೈಜ್ ಹಾಕ್ಸಿ ಸಾರ್" ಎಂದ. ಅವನ ಮನೆಯವರು ರೇಷ್ಮೆ ನೂಲು ಬಿಚ್ಚುವ ಕಸುಬಿನವರು. "ರಾಟೆ ದೊಡ್ಡದಾದಷ್ಟೂ ತಿರುಗ್ಸೋಕೆ ರಟ್ಟೇಲಿ ಬಲ ಬೇಕು ಸಾರ್. ಈ ಇಂಜಿನ್ನಿಗೂ ಅಷ್ಟೇ" ಎಂದು ಸೇರಿಸಿದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಾಗಡಿ ತಾಲ್ಲೂಕಿನ ಕಲ್ಯದಿಂದ ಬಂದಿದ್ದ ನನ್ನ ಭಾವಮೈದ ಶಿವಲಿಂಗ ಅಂಗಡಿಗೂ ಜೊತೆಗೆ ಬಂದಿದ್ದ. ಸ್ವಂತ ಟ್ರ್ಯಾಕ್ಟರ್ ಇರುವವನು. ಹಾಗಾಗಿ ಚಕ್ರವಿರುವ ಸಮಸ್ತ ವಸ್ತುಗಳೂ ಅವನ ಅಧಿಕಾರವ್ಯಾಪ್ತಿಗೆ ಬರುತ್ತವೆ. "ಏನ್ ಭಾವ, ಹಿಂದ್ಲ ಗಾಲಿ ಮುಂದ್ಲುಕ್ಕಿಂತ ಗಿಡ್ಡುಕ್ಕೈತೆ! ಎಲ್ಲಾರ ಉಂಟಾ? ನನ್ ಟ್ರ್ಯಾಕ್ಟ್ರು ನೋಡಿ. ಹಿಂದ್ಲುದು ದೊಡ್ಡುದಾಗಿದ್ರೇನೆ ದಿಬ್ಬ ಹತ್ತಾದು" ಎಂದ. ಪಕ್ಕದ ಟೀ ಅಂಗಡಿಯ ಬೆಂಚು ಒಕ್ಕೊರಲಿನಿಂದ ಹೌದೆಂದಿತು. ನಮ್ಮ ಸುತ್ತಿನ ನಾಲ್ಕೂ ತಾಲ್ಲೂಕಿನಲ್ಲಿ ಹುಡುಕಿದರೂ ಟ್ರ್ಯಾಕ್ಟರಿನ ಹಿಂದಿನ ಚಕ್ರವನ್ನು ಪ್ರಶ್ನಿಸುವ ಗಂಡಸು ಸಿಗುವುದಿಲ್ಲ. ನಾನೂ ಪ್ರಶ್ನಿಸಲಿಲ್ಲ. ರಿಯಾಜ್ ಎರಡು ಸಲ ಬೇಡವೆಂದರೂ ಬೆಂಗಳೂರಿನಿಂದ ಇಪ್ಪತ್ತೈದು ಇಂಚಿನದನ್ನೇ ತರಿಸಿ ಹಾಕಿಸಿದೆ.

ಭಾನುವಾರ ಬಂತು. ಗಾಡಿಯ ಹಿಂಭಾಗ ಎದ್ದು ನಿಂತಿತ್ತು, ಮೂತಿ ನೆಲ ನೋಡುತ್ತಿತ್ತು. ಟೈರು ಮಡ್‌ಗಾರ್ಡಿಗೆ ಉಜ್ಜಿ ಸುಟ್ಟ ರಬ್ಬರಿನ ವಾಸನೆ ಬೇರೆ. ದಿಬ್ಬದ ಅರ್ಧಕ್ಕೆ ಹೋಗುವಷ್ಟರಲ್ಲಿ ಇಂಜಿನ್ ನರಳಿ ಆಫ್ ಆಯಿತು. ನಾನು ಬ್ರೇಕು ಹಿಡಿದುಕೊಂಡೇ ಹಿಂದಕ್ಕೆ ಜಾರಿ ಹಿಪ್ಪುನೇರಳೆ ಸಾಲಿನೊಳಗೆ ನಿಂತೆ. ಶಿವಲಿಂಗ ಸೊಪ್ಪು ಸರಿಸಿ ನನ್ನ ಮುಖ ಹುಡುಕಿ, "ಇನ್ನೂ ಒಸಿ ದೊಡ್ಡುದು ಹಾಕುಸ್ಬೇಕಿತ್ತು ಭಾವ" ಎಂದ. ಜಯಮ್ಮ ನನ್ನನ್ನು ನೋಡಲಿಲ್ಲ, ಮುರಿದ ಹಿಪ್ಪುನೇರಳೆ ಗಿಡಗಳನ್ನು ಎಣಿಸುತ್ತಿದ್ದಳು. ನನಗೆ ನಿಜಕ್ಕೂ ಅಳು ಬಂತು. ಕೈಕಾಲು ಹಿಡಿದು ಒಂದು ವಾರ ಗಡುವು ಪಡೆದೆ.

ರಿಯಾಜ್ ಇಪ್ಪತ್ತು ಇಂಚಿನ ಜೊತೆಯನ್ನು ಅಟ್ಟದಿಂದ ಇಳಿಸಿದ. ಅದರ ಮೇಲೆ ಆಗಲೇ ಸೀಮೆಸುಣ್ಣದಲ್ಲಿ 'ಮೇಷ್ಟ್ರು' ಎಂದು ಬರೆದಿತ್ತು. ಮುಂದಿನ ಭಾನುವಾರ ಗಾಡಿ ದಿಬ್ಬವನ್ನು ಒಂದೇ ಉಸಿರಿಗೆ ಹತ್ತಿತು. ಮೇಲೆ ನಿಂತು ನಾನು ಕೂಗಿದ್ದು ಅಕ್ಕೂರಿಗೆಲ್ಲ ಕೇಳಿಸಿತಂತೆ. ಜಯಮ್ಮ ಕೊಟ್ಟ ಮಾತಿನಂತೆ ಹುಣಸೆಮರದ ಕೆಳಗೆ ಜಾಗ ಬಿಡಿಸಿಕೊಟ್ಟಳು.

ಮೊನ್ನೆ ಪಂಕ್ಚರ್ ಹಾಕಿಸಲು ರಿಯಾಜ್ ಅಂಗಡಿಗೆ ಹೋಗಿದ್ದೆ. ಯಾರೋ ಅಪರಿಚಿತರು ತಮ್ಮ ಕ್ವಾಡ್ ಬೈಕಿಗೆ ಹಿಂದಿನ ಟೈರು ಯಾವುದು ಹಾಕಿಸಲಿ ಎಂದು ಅವನನ್ನು ಕೇಳುತ್ತಿದ್ದರು. ರಿಯಾಜ್ ಬಾಯಿ ತೆರೆಯುವ ಮೊದಲೇ ನಾನು ನಡುವೆ ನುಗ್ಗಿ, "ಇಪ್ಪತ್ತು ಇಂಚು! ಕಣ್ಣು ಮುಚ್ಚಿಕೊಂಡು ಹಾಕಿಸಿ. ಬೇರೆ ಯಾರ ಮಾತೂ ಕೇಳಬೇಡಿ" ಎಂದೆ. ಟ್ರ್ಯಾಕ್ಟರಿನವರ ಅಜ್ಞಾನದ ಬಗ್ಗೆಯೂ ನಾಲ್ಕು ಮಾತು ಹೇಳಿದೆ. ಅವರು ಸಂಕೋಚದಿಂದ, "ಅಲ್ಲ ಸಾರ್, ನಮ್ದು ಹಾಲಿನ ಕ್ಯಾನ್ ಎಳೆಯೋ ದೊಡ್ಡ ಗಾಡಿ. ಗದ್ದೆ ಕೆಸ್ರಲ್ಲಿ ಹೋಗ್ಬೇಕು" ಎಂದರು.

ರಿಯಾಜ್ ನನ್ನ ಕಡೆ ಒಂದು ಸ್ಟೂಲು ತಳ್ಳಿ ಹೇಳಿದ: "ಸಾರ್, ನೀವು ಒಸಿ ಕೂತ್ಕೊಳ್ಳಿ. ಇವರಿಗೆ ಇಪ್ಪತ್ತೈದೇ ಬೇಕು."