ಹುಣಸೆಬೀಜದಷ್ಟು ಗೇರು

ತಮಾಷೆಗಳು ನಡೆಯುವುದಕ್ಕೆ ದೊಡ್ಡ ಊರೇನೂ ಬೇಕಿಲ್ಲ, ಗುಂಡ್ಲುಪೇಟೆಯ ಒಂದು ಟ್ರ್ಯಾಕ್ಟರ್ ರಿಪೇರಿ ಅಂಗಡಿ ಸಾಕು. ತೊಂಬತ್ತರ ದಶಕದಲ್ಲಿ ನಮ್ಮ ಯಜಮಾನರದು ಅಂಥದೊಂದು ಅಂಗಡಿ, ಅದರ ಹಿಂದೆಯೇ ಮನೆ. ಅಂಗಡಿಯಲ್ಲಿ ಕೂತು ಕೆಲಸ ಮಾಡಬೇಕೆಂದು ನನಗೆ ಬಲು ಆಸೆ. "ಹೆಂಗಸು ಸ್ಪ್ಯಾನರ್ ಹಿಡ್ಕಂಡು ಕೂತ್ರೆ ಗಿರಾಕಿಗಳು ಏನಂದ್ಕತ್ತಾರೆ? ಒಳಗ್ ಓಗು" ಎನ್ನುತ್ತಿದ್ದರು. ಈಗ ಬೆಳಗಾವಿಯಲ್ಲಿ ಮಗಳ ಮನೆಯಲ್ಲಿ ಕೂತು ನೆನೆದರೆ ನಗು ಬರುತ್ತದೆ.

ಗೇರ್ ಆಯಿಲ್

ನಮ್ಮೂರ ದನದ ಡಾಕ್ಟರಿಗೆ ಅವರ ತಮ್ಮ ದುಬೈಯಿಂದ ಮೊಳದುದ್ದದ ರಿಮೋಟ್ ಕಾರು ತಂದುಕೊಟ್ಟಿದ್ದ. ಒಂದು ದಿನ ಡಾಕ್ಟರು "ಕಟಕಟ ಅಂತಿದೆ" ಎಂದು ಅದನ್ನು ಅಂಗಡಿಗೆ ತಂದರು. ಬಿಚ್ಚಿದರೆ ಒಳಗೆ ಡಿಫರೆನ್ಷಿಯಲ್! ಗಾಡಿ ತಿರುಗುವಾಗ ಒಳಬದಿಯ ಚಕ್ರ ನಿಧಾನವಾಗಿ, ಹೊರಬದಿಯದು ಜೋರಾಗಿ ಉರುಳಲು ಬಿಡುವ ಗೇರುಗಳ ಗೂಡು ಅದು. ಟ್ರ್ಯಾಕ್ಟರಿನಲ್ಲಿ ಬಿಂದಿಗೆಯಷ್ಟಿರುತ್ತದೆ. ಇದರ ಗೇರು ಒಂದೊಂದೂ ಹುಣಸೆಬೀಜದಷ್ಟು. ನಮ್ಮವರು ಟ್ರ್ಯಾಕ್ಟರಿನ ಗೇರ್ ಆಯಿಲನ್ನೇ ತುಂಬಿ ಕಳಿಸಿದರು.

ಮಾರನೆಯ ದಿನ ಡಾಕ್ಟರ ಹೆಂಡತಿ ಎಣ್ಣೆ ಸುರಿಯುವ ಕಾರು ಹಿಡಿದು ಬಂದರು. "ನೀವು ಕಾರು ರಿಪೇರಿ ಮಾಡಿದ್ರೋ, ನಮ್ಮನೆ ನೆಲಕ್ಕೆ ಟಾರ್ ರಸ್ತೆ ಹಾಕಿದ್ರೋ?"

ಹಿಂದು ಮುಂದು

ಯಜಮಾನರ ಹೆಬ್ಬೆರಳಿಟ್ಟರೆ ಗೇರು ಪೂರ್ತಿ ಮುಚ್ಚಿಹೋಗುತ್ತಿತ್ತು. ಹಾಗಾಗಿ ಕಾರು ಸದ್ದಿಲ್ಲದೆ ಅಡುಗೆಮನೆಗೆ, ನನ್ನ ಕೈಗೆ ಬಂತು. ಹೆಸರು ಮಾತ್ರ ಅವರದೇ. ನಾನು ಗೇರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದೆ. ಒಂದು ಸಡಿಲವಾಗಿತ್ತು, ಅದರ ಹಿಂದೆ ತೆಳು ವಾಷರ್ ಕೊಟ್ಟೆ. ಆಮೇಲೆ ಕಾರನ್ನು ಮೇಲೆತ್ತಿ ಒಂದು ಹಿಂಚಕ್ರ ತಿರುಗಿಸಿದೆ. ಇನ್ನೊಂದು ಉಲ್ಟಾ ತಿರುಗಿತು.

ಅತ್ತೆ ನೋಡಿಬಿಟ್ಟರು. "ಅಯ್ಯೋ, ಒಂದು ಮುಂದ್ಕೋಯ್ತದೆ, ಒಂದು ಹಿಂದ್ಕೋಯ್ತದೆ! ಕೆಡಿಸ್ಬುಟ್ಟೆ ಕಣಮ್ಮಿ!"

"ಇಲ್ಲ ಅತ್ತೆ, ಹಂಗೇ ಇರ್ಬೇಕು. ಅದಕ್ಕೇ ಕಾರು ಸಲೀಸಾಗಿ ತಿರುಗೋದು."

ಅತ್ತೆ ನನ್ನನ್ನೊಮ್ಮೆ, ಮಗನನ್ನೊಮ್ಮೆ ನೋಡಿ ಹೇಳಿದರು: "ಹಂಗಾದ್ರೆ ನಿಮ್ಮ ಸಂಸಾರ ಬಲು ಸಲೀಸಾಗಿ ನಡೀಬೇಕಿತ್ತು ಬುಡು."

ಫಾರಿನ್ ಗ್ರೀಸು

ಚಾಮರಾಜನಗರದಲ್ಲಿ ಡಾಕ್ಟರ ಭಾವಮೈದನ ಹತ್ತಿರವೂ ಅಂಥದೇ ಕಾರಿತ್ತು. ಭಾನುವಾರ ಆ ಭಾವಮೈದನ ಹೊಲದಲ್ಲಿ ಇಬ್ಬರಿಗೂ ಪಂದ್ಯ ಎಂದು ಗೊತ್ತಾಯಿತು. ಆದರೆ ಹೊಲದಲ್ಲಿ ಒಂದು ಚಕ್ರ ಗುಣಿಗೆ ಬಿದ್ದರೆ ಅದೊಂದೇ ಗಿರಗಿರ ಸುತ್ತುತ್ತದೆ, ಕಾರು ಅಲ್ಲೇ ನಿಲ್ಲುತ್ತದೆ. ಹಾಗಾಗದಿರಲು ಒಳಗೆ ಗೇರುಗಳನ್ನು ಬಿಗಿಹಿಡಿಯುವ ಮಂದವಾದ ಗ್ರೀಸು ಬೇಕು. ನಾನು ನಮ್ಮ ಎತ್ತಿನ ಗಾಡಿಯ ಅಚ್ಚಿಗೆ ಹಾಕಲು ಬಿದಿರಿನ ಗೊಟ್ಟದಲ್ಲಿಟ್ಟಿದ್ದ ಕೀಲೆಣ್ಣೆಯನ್ನು ಬೆಂಕಿಕಡ್ಡಿಯಿಂದ ಒಳಗೆ ತುಂಬಿದೆ. ಡಾಕ್ಟರ ಎದುರಿಗೇ ಅಂಗಡಿ ಮುಂದಿನ ಗುಣಿಗೆ ಇಳಿಸಿ ನೋಡಿದರೆ, ಕಾರು ಎಮ್ಮೆಯ ಹಾಗೆ ನಿಧಾನವಾಗಿ ಎದ್ದು ಬಂತು.

ಡಾಕ್ಟರು ಬೆರಗಾದರು. "ಯಾವ ಗ್ರೀಸು ರೀ?"

"ಫಾರಿನ್ನು ಸಾರ್" ಎಂದರು ನಮ್ಮವರು.

ಒಳಗಿನಿಂದ ಅತ್ತೆ ಕೂಗಿದರು: "ಲೇ, ಆ ಕೀಲೆಣ್ಣೆ ಗೊಟ್ಟ ಈಚೆ ಕೊಡ್ಲಾ, ಗಾಡಿ ಕಿರಗುಟ್ತದೆ!"

ಮೆಕ್ಯಾನಿಕ್ಕು ಯಾರು

ಭಾನುವಾರ ನಾವೂ ಬಸ್ಸು ಹತ್ತಿ ಹೋದೆವು. ನಮ್ಮ ಡಾಕ್ಟರೇ ಗೆದ್ದರು. ಭಾವಮೈದನ ಕಾರು ಮೊದಲನೆಯ ಗುಣಿಯಲ್ಲೇ ಸುತ್ತುತ್ತಾ ನಿಂತಿತ್ತು.

"ಯಾರ್ರೀ ನಿಮ್ಮ ಮೆಕ್ಯಾನಿಕ್ಕು?" ಎಂದು ಆತ ಕೇಳಿದ.

"ನಾನೇ ಸಾರ್" ಎಂದು ನಮ್ಮವರು ಎದೆ ಮುಂದೆ ಮಾಡಿದರು. ಇನ್ನು ನನಗೆ ಅಡುಗೆಮನೆಯೇ ಗತಿ ಅಂದುಕೊಂಡೆ.

"ಹಂಗಾದ್ರೆ ನಂದೂ ಇಲ್ಲೇ ಸರಿಮಾಡಿ, ನಾವೂ ನೋಡ್ತೀವಿ."

ಜನ ಸುತ್ತುಗಟ್ಟಿದರು. ನಮ್ಮವರು ಬೆವರುತ್ತಾ ಗೂಡು ಬಿಚ್ಚಿದರು. ನಾಲ್ಕು ಗೇರಿರಬೇಕಾದಲ್ಲಿ ಮೂರೇ ಇವೆ! ಡಾಕ್ಟರು, ಭಾವಮೈದ, ಬಂದ ನೆಂಟರು ಎಲ್ಲರೂ ಮಂಡಿಯೂರಿ ಹುಲ್ಲಿನಲ್ಲಿ ಹುಡುಕಿದ್ದೇ ಹುಡುಕಿದ್ದು. ನಾಲ್ಕನೆಯದು ಗ್ರೀಸಿಗೆ ಅಂಟಿಕೊಂಡು ನಮ್ಮವರ ಹೆಬ್ಬೆರಳಲ್ಲೇ ಇತ್ತು. ನಾನು ಅವರ ಕೈ ಹಿಡಿದು, ತಲೆಪಿನ್ನಿನಿಂದ ಅದನ್ನು ಬಿಡಿಸಿ, ಅಲ್ಲೇ ಕೂತು ನಾಲ್ಕೂ ಜೋಡಿಸಿ, ಚೀಲದಲ್ಲಿ ತಂದಿದ್ದ ಕೀಲೆಣ್ಣೆ ತುಂಬಿ ಮುಚ್ಚಳ ಬಿಗಿದೆ. ಕಾರು ಗುಣಿ ಹತ್ತಿ ಓಡಿತು.

ಭಾವಮೈದ ನನ್ನನ್ನೇ ನೋಡಿ, "ಇವರು?" ಎಂದ.

ನಮ್ಮವರು ಹೆಬ್ಬೆರಳಿನ ಗ್ರೀಸು ಒರೆಸಿಕೊಳ್ಳುತ್ತಾ ಹೇಳಿದರು: "ಮೆಕ್ಯಾನಿಕ್ಕು ಇವಳೇ ಸಾರ್. ನಾಳೆಯಿಂದ ಅಂಗಡೀಲೇ ಕೂರ್ತಾಳೆ."

"ಮತ್ತೆ ನೀವು?"

"ನಾನು ಗೇರು ಕಳೆಯೋನು."